ಕಹಳೆ ಊದುವಷ್ಟು ಹೊತ್ತು

ಊಟದ ಮೇಜಿನ ಸುತ್ತ ಕೂತ ಮನೆಮಂದಿಯೆಲ್ಲ ಮಾತಿನ ನಡುವೆ ಒಟ್ಟಿಗೇ ಬಾಯಿ ಮುಚ್ಚುತ್ತಾರೆ. ಎತ್ತಿದ ಚಮಚ ಎತ್ತಿದಲ್ಲೇ ನಿಲ್ಲುತ್ತದೆ. ದೀರ್ಘವಾಗಿ ಉಸಿರು ಎಳೆದು ಬಿಡುವಷ್ಟು ಹೊತ್ತು ತುಟಿ ಪಿಟಕ್ಕೆನ್ನದೆ ಇದ್ದು, ಆಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಮಾತನ್ನು ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಾರೆ. ಇದನ್ನು ಮೊದಲ ಸಲ ನೋಡಿದ ಎದುರುಮನೆಯ ಅಜ್ಜಿ, ಕೊಡಲು ತಂದಿದ್ದ ಬಟ್ಟಲನ್ನು ಬಾಗಿಲಲ್ಲೇ ಇಟ್ಟು ವಾಪಸು ಓಡಿದ್ದಳು. ಆ ಮನೆಯವರಿಗೆಲ್ಲ ಒಟ್ಟಿಗೆ ಗರ ಬಡಿದಿದೆ ಎಂದು ಬೀದಿಗೆಲ್ಲ ಸುದ್ದಿ ಹಬ್ಬಿಸಿದವಳೂ ಅವಳೇ.

ಗರವೂ ಬಡಿದಿರಲಿಲ್ಲ, ಗಾಳಿಯೂ ಸೋಕಿರಲಿಲ್ಲ. ಅವರು ದೀಪಸ್ತಂಭದವರು, ಅಷ್ಟೇ.

ಕಡಲ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ, ಅದರ ಬುಡಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಮನೆ. ಅಪ್ಪ ಅಲ್ಲಿನ ದೀಪ ನೋಡಿಕೊಳ್ಳುವವನು. ಕಡಲಿನ ಮೇಲೆ ಮಂಜು ಇಳಿಯಿತೆಂದರೆ ಎಂಥ ದೀಪವೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅಲ್ಲೊಂದು ಕಹಳೆಯಿತ್ತು. ಗಾಳಿಯನ್ನು ಒತ್ತಿ ತುಂಬಿಸಿ ಊದಿಸುವ, ಎಮ್ಮೆಯಷ್ಟು ದಪ್ಪದ ಯಂತ್ರ. ಅದು ಊದಿದರೆ ಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ಅಂಚಿಗೆ ನಡೆದುಬರುತ್ತಿದ್ದವು. ಒಂದಿಷ್ಟು ಊದುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ಮತ್ತೆ ಊದುವುದು. ಮಂಜು ಕರಗುವ ತನಕ, ಹಗಲೆನ್ನದೆ ಇರುಳೆನ್ನದೆ ಇದೇ ಪಾಡು. ಅದು ಊದುವಾಗ ಆಡಿದ ಮಾತು ಕಡಲಿಗೆ ಎಸೆದಂತೆ. ಹಾಗಾಗಿ ಅವರು ಮಾತಿನ ನಡುವೆ ನಿಲ್ಲುವುದನ್ನು ಕಲಿತರು. ನಿಲ್ಲುವುದು, ಕಹಳೆ ಮುಗಿಯುವ ತನಕ ಎದುರಿಗಿದ್ದವರ ಮುಖ ನೋಡುತ್ತ ಕಾಯುವುದು, ಮುಂದುವರಿಸುವುದು. ಅಪ್ಪ ಅಮ್ಮ ಜಗಳವಾಡುವುದೂ ಹೀಗೆಯೇ. ಅರ್ಧ ಸಿಟ್ಟನ್ನು ಕಹಳೆಯೇ ತಿಂದುಹಾಕಿ, ಮುಗಿಯುವ ಹೊತ್ತಿಗೆ ಇಬ್ಬರಿಗೂ ನಗು ಬಂದಿರುತ್ತಿತ್ತು.

ಮುಂದೊಂದು ದಿನ ದೀಪ ತಾನಾಗಿ ಹೊತ್ತಿ ತಾನಾಗಿ ಆರುವ ಕಾಲ ಬಂತು. ಹಡಗುಗಳಿಗೆ ದಾರಿ ತೋರಿಸಲು ಬೇರೆ ಬೇರೆ ಯಂತ್ರ ಬಂದು ಕಹಳೆಯ ಬಾಯಿಯೂ ಮುಚ್ಚಿತು. ಸಂಸಾರ ದಡಕ್ಕೆ ಬಂದು, ಬಂದರಿನ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಮನೆ ಹಿಡಿಯಿತು. ಪೆಟ್ಟಿಗೆ ಬಂದವು, ಪಾತ್ರೆ ಬಂದವು, ಜೊತೆಗೆ ಕಹಳೆಗಾಗಿ ನಿಲ್ಲುತ್ತಿದ್ದ ಆ ಮಾತಿನ ಬಿಡುವೂ ಬಂತು. ಅದನ್ನು ಬಂಡೆಯ ಮೇಲೆ ಬಿಟ್ಟು ಬರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸುಮ್ಮನೆ ಹರಟುವಾಗ ಅಷ್ಟಾಗಿ ಕಾಣುತ್ತಿರಲಿಲ್ಲ. ಮಾತು ಮನಸ್ಸಿಗೆ ಹತ್ತಿರವಾದಷ್ಟೂ ಬಿಡುವು ತಪ್ಪದೆ ಹಾಜರಾಗುತ್ತಿತ್ತು.

ಇಬ್ಬರು ಹೆಣ್ಣುಮಕ್ಕಳಲ್ಲಿ ತಂಗಿ ದಡಕ್ಕೆ ಬಂದಾಗ ಚಿಕ್ಕವಳು. ಅವಳ ಬಿಡುವೂ ಚಿಕ್ಕದು. ಆದರೂ ಅವಳ ಕ್ಷೌರದಂಗಡಿಗೆ ಹೊಸಬರು ಬಂದರೆ, ಮಾತಿನ ನಡುವೆ ಕಿವಿಯ ಪಕ್ಕದಲ್ಲೇ ನಿಂತುಬಿಡುವ ಕತ್ತರಿಯನ್ನು ಕಂಡು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅಕ್ಕನದು ಮಾತ್ರ ಅಪ್ಪನ ಅಳತೆಯ ಪೂರಾ ಬಿಡುವು. ಆ ಬಿಡುವಿನಿಂದಾಗಿ ಅವಳು ಬಹಳ ಇಷ್ಟಪಟ್ಟ ಒಬ್ಬ ಮನುಷ್ಯನನ್ನು ಇನ್ನೇನು ಕಳೆದುಕೊಳ್ಳುವುದರಲ್ಲಿದ್ದಳು.

ಊರವರು ಅವಳನ್ನು ದೀಪದಕ್ಕ ಎನ್ನುತ್ತಿದ್ದರು. ಬಂದರಿನ ಬಾಯಲ್ಲಿರುವ ಹಳೆಯ ದೀಪಸ್ತಂಭ ಈಗ ವಸ್ತುಸಂಗ್ರಹಾಲಯ. ಅಲ್ಲಿ ಬಂದವರಿಗೆಲ್ಲ ಕಥೆ ಹೇಳಿ ತೋರಿಸುವ ಕೆಲಸ ಅವಳದು. ಬೆಳಿಗ್ಗೆ ಬಂದವಳೇ ತುದಿಗೆ ಹತ್ತಿ, ಆಳೆತ್ತರದ ಮಸೂರದ ಸುತ್ತ ಪರದೆ ಎಳೆಯುತ್ತಿದ್ದಳು. ಎಳೆಯದಿದ್ದರೆ ಬಿಸಿಲು ಆ ಗಾಜಿನೊಳಗೆ ಹಾದು ಒಂದೆಡೆ ಸೇರಿ ಸಿಕ್ಕಿದ್ದನ್ನು ಸುಟ್ಟುಬಿಡುತ್ತದೆ. ಆಮೇಲೆ ಕೆಳಗಿನ ದುಂಡು ಕೋಣೆಗೆ ಇಳಿದು, ಗಾಜಿನ ಪೆಟ್ಟಿಗೆಗಳಲ್ಲಿ ನಿಂತ ಲೋಕದ ದೀಪಸ್ತಂಭಗಳ ಮರದ ಮಾದರಿಗಳ ಧೂಳು ಒರೆಸಿ, ಬಾಗಿಲು ತೆರೆಯುತ್ತಿದ್ದಳು.

ಕಥೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಿಡುವು ಬೇಕೆಂದೇ ಕಾದು ಕೂತಂತೆ ಸರಿಯಾಗಿ ಕಥೆಯ ಮರ್ಮಸ್ಥಾನಕ್ಕೇ ಬಂದು ಬೀಳುತ್ತಿತ್ತು. ಅತ್ತಿತ್ತ ನೋಡುತ್ತಿದ್ದವರು ಕೂಡ ಕಿವಿ ನಿಮಿರಿಸಿ ಹತ್ತಿರ ಸರಿಯುತ್ತಿದ್ದರು. ಸಂಗ್ರಹಾಲಯದ ಮೇಲಧಿಕಾರಿ ಇದು ದೊಡ್ಡ ಕಲೆಯೆಂದು ತಿಳಿದು ಬೇರೆ ಕೆಲಸಗಾರರಿಗೂ ಕಲಿಸಿಕೊಡಲು ಹೇಳಿದ್ದಳು. ಕಲಿಸುವುದೇನು? ಎದೆ ನಡುಗಿಸುವ ಕಹಳೆಯ ಕೆಳಗೆ ಹದಿನಾರು ವರ್ಷ ಬೆಳೆದು ಬನ್ನಿ ಎನ್ನಬೇಕಿತ್ತು.

ಹರಾಜುಗಾರ ಅಲ್ಲಿಗೆ ಬಂದದ್ದು ಕಥೆ ಕೇಳಲಿಕ್ಕಲ್ಲ, ಮಳೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ಮೀನು ಸಂತೆಯಲ್ಲಿ ದಿನಾ ಬೆಳಿಗ್ಗೆ ಹಲಗೆಯ ಮೇಲೆ ನಿಂತು ದೋಣಿಗಳ ಮೀನನ್ನು ಕೂಗಿ ಮಾರುವವನು ಅವನು. ಮಾತೆಂದರೆ ಅರಳು ಹುರಿದಂತೆ. ಆವತ್ತು ಬೂಟಿಗೆ ಮೀನಿನ ಹುರುಪೆ ಅಂಟಿಸಿಕೊಂಡು ಬಂದು ಜನರ ಹಿಂದೆ ನಿಂತ. ದೀಪದಕ್ಕ ಎಡ್ಡಿಸ್ಟೋನ್ ಎಂಬ ಕಡಲಬಂಡೆಯ ದೀಪಸ್ತಂಭದ ಮಾದರಿಯ ಮುಂದಿದ್ದಳು.

"ಈ ಬಂಡೆ ಮೇಲೆ ಮೊದಲನೇ ಲೈಟ್‌ಹೌಸ್ ಕಟ್ಟಿದೋನಿಗೆ ತನ್ನ ಕೆಲಸದ ಮೇಲೆ ಎಷ್ಟು ನಂಬಿಕೆ ಅಂದ್ರೆ, ಎಲ್ಲಕ್ಕಿಂತ ದೊಡ್ಡ ಬಿರುಗಾಳಿ ಬೀಸೋ ದಿನ ನಾನು ಇದರೊಳಗೇ ಇರಬೇಕು ಅಂತ ಹೇಳ್ಕೊಂಡಿದ್ದನಂತೆ. ಒಂದು ಸಲ ರಿಪೇರಿಗೆ ಅಂತ ಹೋದ. ಆ ಬಿರುಗಾಳಿ ಅವತ್ತೇ ಬಂತು. ಬೆಳಕು ಹರಿದ ಮೇಲೆ ದಡದೋರು ನೋಡ್ತಾರೆ, ಬಂಡೆ ಮೇಲೆ—"

ಬಿಡುವು ಬಂತು. ಜನ ಉಸಿರು ಬಿಗಿಹಿಡಿದರು.

"ನಿಂತ್ಕೊಂಡು ಕೈ ಬೀಸ್ತಿದ್ದ!" ಎಂದಿತು ಹಿಂದಿನಿಂದ ಒಂದು ದನಿ.

"—ಏನೂ ಇರಲಿಲ್ಲ," ಎಂದು ದೀಪದಕ್ಕ ಮುಗಿಸಿದಳು. "ಕಟ್ಟಡಾನೂ ಇಲ್ಲ, ಕಟ್ಟಿದೋನೂ ಇಲ್ಲ."

ಜನ ತಿರುಗಿ ನೋಡಿದರು. ಹರಾಜುಗಾರನಿಗೆ ಅದರ ಪರಿವೆಯೇ ಇಲ್ಲ. ಅದೇ ಬಂಡೆಯ ಎರಡನೇ ದೀಪಸ್ತಂಭ ಬೆಂಕಿಗೆ ಆಹುತಿಯಾದ ಕಥೆ ಶುರುವಾಯಿತು. ತೊಂಬತ್ತು ದಾಟಿದ ಕಾವಲಿನ ಮುದುಕ ಕೆಳಗಿನಿಂದ ನೀರು ಎರಚುತ್ತಿದ್ದಾನೆ, ಮೇಲೆ ಛಾವಣಿಯ ಸೀಸ ಕರಗಿ ಸುರಿಯುತ್ತಿದೆ.

"ತಲೆ ಎತ್ತಿ ನೋಡ್ತಿದ್ದ ಮುದುಕನ ಬಾಯೊಳಗೆ—"

"ಒಂದು ಹಲ್ಲೂ ಇರಲಿಲ್ಲ!"

"—ಕಾದ ಸೀಸ ಬಿತ್ತು. ಡಾಕ್ಟರು ನಂಬಲಿಲ್ಲ. ಅವನು ತೀರಿಕೊಂಡ ಮೇಲೆ ನೋಡಿದ್ರೆ ಹೊಟ್ಟೆಯಲ್ಲಿ ಸೀಸದ ಗಟ್ಟಿ ಸಿಕ್ತು. ಈಗಲೂ ಒಂದು ಮ್ಯೂಸಿಯಮ್ಮಲ್ಲಿ ಇಟ್ಟಿದ್ದಾರೆ."

ಹ್ಯಾಟರಸ್ ಭೂಶಿರದ, ಮೈತುಂಬ ಕಪ್ಪು ಬಿಳುಪು ಪಟ್ಟೆ ಸುತ್ತಿಕೊಂಡ ದೀಪಸ್ತಂಭದ ಸರದಿ ಬರುವಷ್ಟರಲ್ಲಿ ಜನ ಇಬ್ಬರ ಕಡೆಗೂ ಕತ್ತು ತಿರುಗಿಸುತ್ತಿದ್ದರು. "ಸಮುದ್ರ ಬುಡಕ್ಕೇ ಬಂದುಬಿಡ್ತು. ಆಗ ಇಡೀ ಲೈಟ್‌ಹೌಸನ್ನ ಬುಡಸಮೇತ ಎತ್ತಿ, ಹಳಿ ಮೇಲೆ ಕೂರಿಸಿ—"

"ಮಾರಿಬಿಟ್ರು!"

"—ನಿಧಾನಕ್ಕೆ ಒಳನಾಡಿನ ಕಡೆ ಸರಿಸಿದ್ರು. ರೀ, ನೀವು ಒಂದಾದರೂ ಸರಿ ಹೇಳಬಾರದೇನ್ರೀ?"

"ನೀವು ನಿಲ್ಲಿಸಿದ್ರಲ್ಲ," ಎಂದ ಹರಾಜುಗಾರ ಮುಗ್ಧವಾಗಿ. "ಜಾಗ ಖಾಲಿ ಇತ್ತು, ತುಂಬಿಸಿದೆ. ನಮ್ಮ ಕಡೆ ಒಂದು ಗಳಿಗೆ ಸುಮ್ಮನಾದ್ರೆ ಕೊಳ್ಳೋರು ಮನೆಗೆ ಹೋಗ್ತಾರೆ."

ಕೋಣೆಯೆಲ್ಲ ಗೊಳ್ಳೆಂದಿತು. ದೀಪದಕ್ಕನಿಗೂ ನಗು ತಡೆಯಲಾಗಲಿಲ್ಲ. ಬಿಡುವಿನ ಜಾಗದಲ್ಲಿ ಮಾತಾಡಿದ ಮನುಷ್ಯನನ್ನು ಅವಳು ಹುಟ್ಟಿದ ಮೇಲೆ ಕಂಡಿದ್ದು ಅದೇ ಮೊದಲು.

ಮಾರನೇ ದಿನ ಮಳೆಯಿರಲಿಲ್ಲ, ಆದರೂ ಬಂದ. ಅದರ ಮಾರನೇ ದಿನವೂ ಬಂದ. ಸಂತೆ ಮುಗಿಸಿ, ಕೈ ತೊಳೆದು, ಬೂಟು ಕೂಡ ಒರೆಸಿಕೊಂಡು ಬರತೊಡಗಿದ. ಅಲೆಕ್ಸಾಂಡ್ರಿಯಾದ ಫಾರೋಸ್ ದೀಪಸ್ತಂಭ ನೂರಾರು ವರ್ಷ ನಿಂತು ಕೊನೆಗೆ ಭೂಕಂಪಗಳಿಗೆ ಉರುಳಿತೆಂದು ಕೇಳಿ, ಅದರ ಮಾದರಿಯ ಮುಂದೆ ನಿಂತು ಕೂಗಿದ: "ಬನ್ನಿ ಬನ್ನಿ, ಲೋಕದ ಅದ್ಭುತ, ಸ್ವಲ್ಪ ಅಲುಗಾಡುತ್ತೆ, ನೋಡಿ ಕೊಳ್ಳಿ!" ಕೊರ್ದುವಾನ್ ದೀಪಸ್ತಂಭದಲ್ಲಿ ರಾಜನಿಗೆಂದೇ ಒಂದು ಕೋಣೆ ಕಟ್ಟಿಸಿದ್ದಾರೆ, ಯಾವ ರಾಜನೂ ಅಲ್ಲಿ ಮಲಗಿದ್ದಿಲ್ಲವಂತೆ ಎಂದಾಗ, "ಬಳಸದ ಮಾಲು, ಹೊಸದರ ಹಾಗೇ ಇದೆ!" ಎಂದ. ರೋಮನ್ನರು ಕಟ್ಟಿದ ಹರ್ಕ್ಯುಲಿಸ್ ಗೋಪುರ ಇವತ್ತಿಗೂ ಹಡಗಿಗೆ ದೀಪ ತೋರಿಸುತ್ತಿದೆ ಎಂದು ಅವಳು ಹೇಳಿದಾಗ ಮಾತ್ರ ಅವನಿಗೂ ಕೂಗಲು ಏನೂ ತೋಚಲಿಲ್ಲ. "ಇದನ್ನ ಮಾರೋಕಾಗಲ್ಲ ಬಿಡಿ," ಎಂದು ಗಾಜಿನ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದ. ದೀಪದಕ್ಕನಿಗೆ ಅವನು ಇಷ್ಟವಾದದ್ದು ಆ ಗಳಿಗೆಯಲ್ಲಿ.

ತಂಗಿಗೆ ಇದೆಲ್ಲ ಅವಳಿಗಿಂತ ಮೊದಲೇ ಗೊತ್ತಾಗಿತ್ತು. "ಇಡೀ ಬಂದರಲ್ಲಿ ನಿನ್ನನ್ನ ಅಕ್ಕ ಅಂತ ಕರೆಯದ ಗಂಡಸು ಅವನೊಬ್ಬನೇ ಕಣೇ," ಎಂದಳು. "ಎಂಬತ್ತರ ಮುದುಕರೂ ಅಕ್ಕ ಅಂತಾರೆ. ಇವನು ನೋಡು, 'ರೀ' ಬಿಟ್ಟು ಆಚೆ ಈಚೆ ಹೋಗಲ್ಲ."

ಒಂದು ರಜಾದಿನ ಹರಾಜುಗಾರ ಮನೆಗೆ ಊಟಕ್ಕೆ ಬಂದ. ಅಮ್ಮ ಮೀನಿನ ಸಾರು ಮಾಡಿದ್ದಳು. ಮೀನು ಅವನೇ ತಂದದ್ದು. ಅಪ್ಪ ಬಂಡೆಯ ಮೇಲಿನ ದಿನಗಳ ಕಥೆ ತೆಗೆದ. ಮಂಜು ಇಳಿದದ್ದು, ಒಂದು ದೋಣಿ ದಾರಿ ತಪ್ಪಿದ್ದು, ಇವರು ಮೆಟ್ಟಿಲ ಮೇಲೆ ನಿಂತು ಕೂಗಿದ್ದು... ಅಲ್ಲಿಗೆ ಅಪ್ಪ ನಿಲ್ಲಿಸಿದ. ಅಮ್ಮನ ಸೌಟು ನಿಂತಿತು. ತಂಗಿಯ ಲೋಟ ನಿಂತಿತು. ದೀಪದಕ್ಕನ ಕೈ ತಟ್ಟೆಯ ಮೇಲೆ ನಿಂತಿತು.

ಎದುರುಮನೆಯ ಅಜ್ಜಿಯಂತೆ ಹರಾಜುಗಾರ ಓಡಿಹೋಗಲಿಲ್ಲ. ನಾಲ್ಕು ಜನರ ಮುಖವನ್ನೂ ಒಂದು ಸುತ್ತು ನೋಡಿ, ಖಾಲಿ ಬಿದ್ದ ಜಾಗಕ್ಕೆ ಧುಮುಕಿದ. ದೋಣಿಯವರು ಬದುಕಿದರೆಂದ, ದೋಣಿಯಲ್ಲಿ ಬಂಗುಡೆಯಿತ್ತೆಂದ, ಆ ವರ್ಷ ಬಂಗುಡೆಗೆ ಒಳ್ಳೆ ಬೆಲೆಯೆಂದ, ಸಾರಿಗೆ ಉಪ್ಪು ಹದವಾಗಿದೆಯೆಂದ. ಬಿಡುವು ಮುಗಿದು ಎಲ್ಲರ ಕೈಗಳೂ ಅಲುಗಾಡಿದಾಗ ಅವನೂ ಸುಮ್ಮನಾದ.

ಅಪ್ಪ ಚಮಚ ಕೆಳಗಿಟ್ಟ. "ಅಲ್ಲ ಕಣೇ," ಎಂದು ಅಮ್ಮನ ಕಡೆ ತಿರುಗಿದ. "ಇಷ್ಟು ವರ್ಷದ ಮೇಲೆ ನಮ್ಮ ಕಹಳೆ ಮನೆಗೆ ವಾಪಸ್ ಬಂದಿದೆ. ಅದೇ ಜಾಗದಲ್ಲಿ, ಅದೇ ಅಳತೆಗೆ ಊದ್ತಾ ಇದೆ. ಈಗ ಅದಕ್ಕೆ ಮಾತೂ ಬಂದುಬಿಟ್ಟಿದೆ!"

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹರಾಜುಗಾರನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಬಿಡುವಿನ ಕಥೆಯನ್ನು ಆ ದಿನವೇ ಬಿಡಿಸಿ ಹೇಳಿದ್ದರೆ ಮುಂದಿನ ಪಜೀತಿ ತಪ್ಪುತ್ತಿತ್ತು. ಯಾರೂ ಹೇಳಲಿಲ್ಲ. ತಾವು ನಿಲ್ಲುತ್ತೇವೆಂಬುದು ನಿಲ್ಲುವವರಿಗೆ ಎಲ್ಲಿ ನೆನಪಿರುತ್ತದೆ?

ಆಮೇಲೊಂದು ಮಧ್ಯಾಹ್ನ ಹರಾಜುಗಾರ ದೀಪಸ್ತಂಭದ ತುದಿಯ ತನಕ ಹತ್ತಿಕೊಂಡು ಬಂದ. ಮಸೂರದ ಪರದೆಯಾಚೆ ಬಿಸಿಲು ಹಳದಿಯಾಗಿ ತುಂಬಿತ್ತು. ದೀಪದಕ್ಕ ಮೆತ್ತನೆಯ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದಳು. ಅವನಿಗೆ ಏದುಸಿರು ಬರುತ್ತಿತ್ತು, ಆದರೆ ಮಾತಿಗೇನೂ ಕೊರತೆಯಿರಲಿಲ್ಲ.

"ನೋಡ್ರೀ, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ, ನನ್ನ ಹತ್ತಿರ ಇರೋದು ಎರಡು ಕೋಣೆ ಮನೆ, ಒಂದು ಗಟ್ಟಿ ಗಂಟಲು, ಬೆಳಿಗ್ಗೆ ಬೇಗ ಏಳ್ತೀನಿ, ಮೀನಿನ ವಾಸನೆ ಸೋಪು ಹಾಕಿದ್ರೆ ಹೋಗುತ್ತೆ, ನಿಮ್ಮನ್ನ ನೋಡದ ದಿನ ನನಗೆ ದಿನಾನೇ ಅನ್ನಿಸಲ್ಲ, ನನ್ನನ್ನ ಮದುವೆ ಆಗ್ತೀರಾ?"

ಎಲ್ಲ ಒಂದೇ ಉಸಿರಿಗೆ. ದೀಪದಕ್ಕನ ಎದೆ ತುಂಬಿಬಂತು. ಇಷ್ಟು ದಿನ ಅವಳು ಕಾದಿದ್ದ ಮಾತು ಅದು. ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬಿಡುವು ಬಂದುಬಿಟ್ಟಿತು. ಮಾತು ಹೃದಯಕ್ಕೆ ಹತ್ತಿರವಾದಷ್ಟೂ ದೊಡ್ಡದಾಗುವ ಆ ಹಾಳು ಬಿಡುವು, ಅವಳ ಜೀವಮಾನದಲ್ಲೇ ಅಷ್ಟು ದೊಡ್ಡದಾಗಿ ಎಂದೂ ಬಂದಿರಲಿಲ್ಲ. ಅವಳು ಅವನ ಮುಖ ನೋಡುತ್ತ ನಿಂತಳು. ಅವರ ಮನೆಯಲ್ಲಿ ಹಾಗೆ ಮುಖ ನೋಡುತ್ತ ನಿಂತರೆ, ತಾಳು, ಹೇಳುವುದಿದೆ ಎಂದರ್ಥ.

ಹರಾಜಿನಲ್ಲಿ ಅದಕ್ಕೆ ಅರ್ಥ ಬೇರೆ. ಕೂಗಿದ್ದಕ್ಕೆ ಮರುದನಿ ಬರಲಿಲ್ಲವೆಂದರೆ ಮಾಲು ಬೇಡ ಎಂದು. ಹರಾಜುಗಾರ ಅವಳ ಎಲ್ಲ ಬಿಡುವನ್ನೂ ತಪ್ಪು ಮಾತಿನಿಂದಲೇ ತುಂಬಿದವನು, ಇದನ್ನೂ ಹಾಗೆಯೇ ತುಂಬಿದ.

"ಬೇಡ ಅಂತೀರಾ," ಎಂದ. ಮುಖ ಇಷ್ಟಗಲವಾಗಿತ್ತಲ್ಲ, ಅದು ಬಾಡಿಹೋಯಿತು. "ಸರಿ ಬಿಡಿ. ತಪ್ಪು ತಿಳ್ಕೋಬೇಡಿ. ಕೇಳಬಾರದಿತ್ತು." ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲಿಗೆ ಬುದ್ಧಿ ಹೇಳಿದ್ದ.

"—ಹೂಂ," ಎಂದಳು ದೀಪದಕ್ಕ ಮಸೂರಕ್ಕೆ.

ಓಡಿಹೋಗಿ ಹಿಡಿಯಬಹುದಿತ್ತು. ಆದರೆ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಒಂದು ಬಸ್ಸಿನ ತುಂಬ ಪ್ರವಾಸಿಗರು ಕೋಣೆಯಲ್ಲಿ ತುಂಬಿಕೊಂಡು, ಅವಳಿಗಾಗಿ ಕಾದಿದ್ದರು. ಅವರಿಗೆ ಕಥೆ ಹೇಳಿ ಕಳಿಸುವಷ್ಟರಲ್ಲಿ ಅಳು ಬರುವ ಬದಲು ಸಿಟ್ಟು ಬಂತು. ಕೇಳಿದ ಮೇಲೆ ಉತ್ತರಕ್ಕೆ ಅರೆಗಳಿಗೆ ನಿಲ್ಲಬಾರದೇ? ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡು ಹೋಗುವುದಾದರೆ ಮೆಟ್ಟಿಲು ಹತ್ತಿ ಬರಬೇಕಿತ್ತೇ? ಮನೆಯ ಕನ್ನಡಿಯ ಮುಂದೆಯೇ ಮುಗಿಸಬಹುದಿತ್ತಲ್ಲ!

ಆ ಸಿಟ್ಟು ಒಂದು ರಾತ್ರಿ ಕಳೆಯುವಷ್ಟರಲ್ಲಿ ಇಳಿಯಿತು. ಹರಾಜುಗಾರ ಮಾತ್ರ ಮತ್ತೆ ಸಂಗ್ರಹಾಲಯದ ಕಡೆ ತಲೆ ಹಾಕಲಿಲ್ಲ. ಅವಳ ಕಥೆಗಳ ನಡುವಿನ ಖಾಲಿ ಜಾಗದಲ್ಲಿ ಯಾರೂ ತಪ್ಪು ಉತ್ತರ ಹೇಳದೆ, ಬಿಡುವುಗಳು ಭಣಗುಟ್ಟತೊಡಗಿದವು. ಕೊನೆಗೆ ನಾಚಿಕೆ ಬಿಟ್ಟು ಮೀನು ಸಂತೆಗೆ ಫೋನು ಮಾಡಿದಳು.

"ಹಲೋ, ಮೀನು ಸಂತೆ, ಬೇಗ ಹೇಳಿ," ಎಂದಿತು ಅವನ ದನಿ.

"ನಾನು—" ಎಂದಳು. ಬಿಡುವು ಬಂತು.

"ಹಲೋ? ಹಲೋ? ಥೂ, ಮತ್ತೆ ಕಟ್ಟಾಯ್ತು ಈ ದರಿದ್ರ ಲೈನು!" ಎಂದು ಅವನು ಇಟ್ಟುಬಿಟ್ಟ.

ಆ ವಾರದ ಕೊನೆಗೆ ತಂಗಿ ಅಂಗಡಿಯಿಂದ ಸುದ್ದಿ ತಂದಳು. ಕೂದಲು ಕತ್ತರಿಸಿಕೊಳ್ಳಲು ಬಂದ ಮೀನಿನ ವ್ಯಾಪಾರಿಯೊಬ್ಬ ಹೇಳಿದನಂತೆ: ಹರಾಜುಗಾರ ದೂರದ ಬೇರೆ ಬಂದರಿನ ಸಂತೆಗೆ ಹೋಗಲು ಒಪ್ಪಿಕೊಂಡಿದ್ದಾನೆ, ನಾಳೆಯ ಹರಾಜೇ ಇಲ್ಲಿ ಅವನ ಕೊನೆಯದು. "ಅವನ ಗಂಟಲು ಮೊದಲಿನ ಹಾಗಿಲ್ಲವಂತೆ ಅಕ್ಕ. ಮೀನು ಮಾರ್ತಾನೋ ಸಂತಾಪ ಹೇಳ್ತಾನೋ ಗೊತ್ತಾಗಲ್ವಂತೆ."

ದೀಪದಕ್ಕ ತಟ್ಟೆ ಸರಿಸಿದಳು. ನಡೆದದ್ದನ್ನೆಲ್ಲ ಮನೆಯವರಿಗೆ ಹೇಳಿದಳು. ಹೇಳುವಾಗ ನಾಲ್ಕು ಕಡೆ ನಿಂತಳು, ನಾಲ್ಕು ಕಡೆಯೂ ಮನೆಯವರೆಲ್ಲ ಅವಳ ಜೊತೆ ನಿಂತರು.

"ಬರೆದು ಕಳಿಸು," ಎಂದಳು ಅಮ್ಮ.

"ಬಾಯಲ್ಲಿ ಕೇಳಿದ್ದಾನಮ್ಮ. ಬಾಯಲ್ಲೇ ಹೇಳಬೇಕು."

"ಹಾಗಾದ್ರೆ ಬೇಗ ಹೇಳೋದನ್ನ ಕಲಿ. ಹೂಂ ಅನ್ನೋಕೆ ಎಷ್ಟು ಹೊತ್ತು? ನಾನು ಕೇಳ್ತೀನಿ, ನೀನು ಹೇಳು. ಮದುವೆ ಆಗ್ತೀಯಾ?"

"ಹೂಂ."

"ನೋಡಿದ್ಯಾ, ಬಂತಲ್ಲ! ಮತ್ತೆ. ಮದುವೆ ಆಗ್ತೀಯಾ?"

"ಹೂಂ."

ತಂಗಿ ಹರಾಜುಗಾರನ ದನಿಯಲ್ಲಿ ಕೇಳಿದಳು. ಹೂಂ ಬಂತು. ಅಪ್ಪ ಬಚ್ಚಲಿನಿಂದ ಕೇಳಿದ. ಹೂಂ ಬಂತು. ಮನೆಯೆಲ್ಲ ಹೂಂ ಹೂಂ ಎಂದು ಮೊಳಗಿ, ಎದುರುಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡಳು. ಕೊನೆಗೆ ಅಮ್ಮ ಮೆಲ್ಲಗೆ, "ಅವನು ನಾಳೆ ಹೊರಟುಹೋಗ್ತಾನೆ ಪುಟ್ಟಿ, ಅವನು ನಿನಗೆ ಬೇಕಾ?" ಎಂದಳು.

ದೀಪದಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು, ಆದರೆ ಆ ಹಾಳು ಹೂಂ ಗಂಟಲಿನಿಂದ ಮೇಲೆ ಬರಲಿಲ್ಲ. ಅದು ಬರುವ ತನಕ ಮೂವರೂ ಕಾದರು.

"ಹೂಂ," ಎಂದಳು ಕೊನೆಗೆ.

ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಅವಳ ಎದುರು ಕೂತ. "ಸಾಕು ಬಿಡಿ ಈ ಪಾಠ," ಎಂದ. "ಮಗಳೇ, ಕಹಳೆ ಊದೋವಾಗ ನಿಮ್ಮಮ್ಮ ನನ್ನ ಮುಖ ನೋಡ್ತಾ ನಿಲ್ತಿದ್ದಳಲ್ಲ, ಯಾಕೆ? ನನ್ನ ಮಾತು ಇನ್ನೂ ಮುಗಿದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಮುಂದಿನದು ಕೇಳೋ ಆಸೆ ಇತ್ತು. ನಿಲ್ಲೋದನ್ನ ನೀನು ಯಾಕೆ ಬಿಡಬೇಕು? ಹೋಗಿ ಹೇಳು, ನಿನ್ನ ಹಾಗೇ ಹೇಳು. ಅವನಿಗೆ ಬೇಕಿದ್ರೆ ಕಾಯ್ತಾನೆ. ಕಾಯದೋನ ಜೊತೆ ನೀನು ಹೇಗೂ ಬಾಳೋಕಾಗಲ್ಲ."

ಬೆಳಿಗ್ಗೆ ಮೀನು ಸಂತೆಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಒದ್ದೆ ನೆಲ, ಮಂಜುಗಡ್ಡೆ ತುಂಬಿದ ಕ್ರೇಟುಗಳು, ರಬ್ಬರಿನ ಬೂಟು ತೊಟ್ಟು ಭುಜಕ್ಕೆ ಭುಜ ಕೊಟ್ಟು ನಿಂತ ವ್ಯಾಪಾರಿಗಳು. ಹರಾಜುಗಾರ ಹಲಗೆಯ ಮೇಲೆ ನಿಂತು ಕೂಗುತ್ತಿದ್ದ. ತಂಗಿ ಹೇಳಿದ್ದು ಸುಳ್ಳಲ್ಲ. ಕೂಗು ನಿಲ್ಲುತ್ತಿರಲಿಲ್ಲವಾದರೂ ಅದರಲ್ಲಿ ಮೊದಲಿನ ಕುಣಿತವಿರಲಿಲ್ಲ. ದೀಪದಕ್ಕ ಹಿಂದೆ ನಿಂತು, ಅವನು ಉಸಿರು ತೆಗೆದುಕೊಳ್ಳುವ ಜಾಗಕ್ಕಾಗಿ ಕಾದಳು. ಅಂಥ ಜಾಗವೇ ಇರಲಿಲ್ಲ. ಕಡೆಗೆ ಕೈ ಎತ್ತಿದಳು. ಆ ಸಂತೆಯಲ್ಲಿ ಕೈ ಎತ್ತಿದರೆ ಮಾಲು ಕೇಳಿದಂತೆ.

"ಹಿಂದೆ ಒಂದು ಕೈ, ಹಿಂದೆ ಒಂದು ಕೈ, ಯಾರದು..." ಎನ್ನುತ್ತ ಕತ್ತು ಎತ್ತಿದ ಹರಾಜುಗಾರನಿಗೆ ಅವಳ ಮುಖ ಕಂಡಿತು. ನಾಲಿಗೆ ಅಲ್ಲೇ ಕಟ್ಟಿಹೋಯಿತು. ವ್ಯಾಪಾರಿಗಳು ತಿರುಗಿ ನೋಡಿ, ತಾವಾಗಿಯೇ ದಾರಿ ಬಿಟ್ಟರು. ದೀಪದಕ್ಕ ನಡೆದುಹೋಗಿ ಹಲಗೆಯ ಮುಂದೆ ನಿಂತಳು.

"ಆವತ್ತು ನೀವು ಕೇಳಿದ್ರಲ್ಲ," ಎಂದಳು. "ನಾನು ಉತ್ತರ ಹೇಳೋಕೆ ಮೊದಲೇ ಹೊರಟುಹೋದ್ರಿ. ನಮ್ಮ ಮನೆಯಲ್ಲಿ ಎಲ್ಲರೂ ಮಾತಿನ ಮಧ್ಯ ನಿಲ್ತೀವಿ. ಕಹಳೆ ಊದ್ತಿದ್ದ ಕಾಲದ ಅಭ್ಯಾಸ, ಹೋಗಿಲ್ಲ, ಹೋಗೋದೂ ಇಲ್ಲ. ನಿಂತ್ರೆ ಬೇಡ ಅಂತ ಅಲ್ಲ. ನಿಂತ್ರೆ ಇನ್ನೂ ಇದೆ ಅಂತ. ಈಗ ಕೇಳಿ, ನನ್ನ ಉತ್ತರ—"

ಬಂತು. ಬರಲೇಬೇಕಿತ್ತು.

ಹರಾಜುಗಾರನ ಬಾಯಿ ತಾನಾಗಿ ತೆರೆಯಿತು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು. ಏನೋ ಒಂದು ಮಾತು ಅವನ ಹಲ್ಲಿನ ಹಿಂದೆ ಒದ್ದಾಡುತ್ತಿರುವುದು ಇಡೀ ಸಂತೆಗೆ ಕಂಡಿತು. ಅವನು ಕೆಳತುಟಿ ಕಚ್ಚಿಕೊಂಡ. ಬಾಯಿ ಮುಚ್ಚಿದ. ಹಲಗೆಯಿಂದ ಇಳಿದು ಅವಳ ಎದುರಿಗೆ, ಅವಳ ಮುಖವನ್ನೇ ನೋಡುತ್ತ ನಿಂತ.

ಆ ಸಂತೆ ಹುಟ್ಟಿದ ಮೇಲೆ ಅಷ್ಟು ಸುಮ್ಮನಾಗಿರಲಿಲ್ಲ. ಕ್ರೇಟಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. "ಏನ್ರೀ ಇದು, ಮೀನು—" ಎಂದು ಹಿಂದಿನಿಂದ ಒಬ್ಬ ಶುರು ಮಾಡಿದ. ಹರಾಜುಗಾರ ತಿರುಗದೆಯೇ ಅಂಗೈ ಅಡ್ಡ ಹಿಡಿದ. ಆ ಮನುಷ್ಯನೂ ಸುಮ್ಮನಾದ. ಹರಾಜುಗಾರನ ಹಣೆಯ ಮೇಲೆ ಬೆವರು ಮೂಡಿತು. ಕಾಲು ಕುಣಿಯುತ್ತಿತ್ತು, ಬೆರಳುಗಳು ಗಾಳಿಯಲ್ಲಿ ಏನನ್ನೋ ಹಿಸುಕುತ್ತಿದ್ದವು. ಆದರೂ ನಿಂತ. ತನ್ನ ಮನೆಯವರಲ್ಲದ ಒಬ್ಬ ಮನುಷ್ಯ ತನ್ನ ಮಾತಿಗಾಗಿ ಹೀಗೆ ನಿಂತದ್ದನ್ನು ದೀಪದಕ್ಕ ಮೊದಲ ಸಲ ನೋಡುತ್ತಿದ್ದಳು. ನೋಡುತ್ತ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಬಿಡುವು ಮುಗಿದ ಮೇಲೂ ಬೇಕೆಂದೇ ಇನ್ನೊಂದು ಚೂರು ಸುಮ್ಮನಿದ್ದಳು.

"—ಹೂಂ," ಎಂದಳು.

ಸಂತೆ ಹೋ ಎಂದಿತು. ಯಾರೋ ಕ್ರೇಟು ಬಡಿದರು, ಯಾರೋ ಶಿಳ್ಳೆ ಹೊಡೆದರು. ಹರಾಜುಗಾರ ಮಾತ್ರ ಏನೂ ಹೇಳಲಿಲ್ಲ. ಕೆನ್ನೆ ಕೆಂಪಾಗಿ, ಕಣ್ಣು ಒದ್ದೆಯಾಗಿ, ಇನ್ನೂ ಅವಳ ಮುಖ ನೋಡುತ್ತಲೇ ನಿಂತಿದ್ದ. ಗದ್ದಲವೆಲ್ಲ ಅಡಗಿದ ಮೇಲೆ, ಅವನ ಬಾಯಿಂದ ಯಾರೂ ಕೇಳಿರದಷ್ಟು ಮೆಲ್ಲಗೆ ಕೇಳಿದ:

"ಮುಗೀತೇನ್ರೀ? ಇನ್ನೂ ಇದೆಯಾ?"

"ಇದೆ," ಎಂದಳು ದೀಪದಕ್ಕ. "ತುಂಬಾ ಇದೆ."

"ಹೇಳಿ ಮತ್ತೆ," ಎಂದ ಅವನು. "ನಿಂತಿದ್ದೀನಿ."